ಗಾಡಿ ಸ್ಟಾರ್ಟ್ ಆಗಲಿಲ್ಲ, ಚಪ್ಪಾಳೆ!

ಮೊನ್ನೆ ಶನಿವಾರ ಮಧ್ಯಾಹ್ನ ಚನ್ನಗಿರಿಯ ಬಸ್ ಸ್ಟ್ಯಾಂಡ್ ಹತ್ತಿರ ಐವತ್ತೊಂದು ವರ್ಷದ ಹೆಂಗಸೊಬ್ಬಳು ಸ್ಟಾರ್ಟ್ ಆಗದೆ ನಿಂತ ತನ್ನ ವ್ಯಾನಿನಿಂದ ಕೆಳಗೆ ಹಾರಿ, ನಡುರಸ್ತೆಯಲ್ಲಿ ಚಪ್ಪಾಳೆ ತಟ್ಟಿ ಕುಣಿದಳು. ‘ಆಗ್ಲಿಲ್ಲ! ಸ್ಟಾರ್ಟ್ ಆಗ್ಲಿಲ್ಲ!’ ಎಂದು ಕೂಗಿದಳು. ಕಬ್ಬಿನ ಹಾಲಿನ ಅಂಗಡಿಯವನು ಮಷಿನ್ ನಿಲ್ಲಿಸಿ ನೋಡಿದ. ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ‘ಪಾಪ, ಬಿಸ್ಲು ತಲೆಗೇರೈತೆ’ ಎಂದು ಅವರಲ್ಲೊಬ್ಬರು ಹೇಳಿದ್ದು ಆ ಹೆಂಗಸಿಗೂ ಕೇಳಿಸಿತು.

ಆ ಹೆಂಗಸು ನಾನೇ.

ಬಿಸಿಲು ತಲೆಗೇರಿರಲಿಲ್ಲ. ಒಂದು ವರ್ಷದಿಂದ ಯಾರೂ ನಂಬದಿದ್ದ ನನ್ನ ಮಾತು ಆ ಕ್ಷಣದಲ್ಲಿ ನಿಜವಾಗಿತ್ತು. ಅದಕ್ಕೆ ಕುಣಿದೆ. ನೀವಾಗಿದ್ದರೆ ಕುಣಿಯುತ್ತಿರಲಿಲ್ಲವೇ? ಪೂರ್ತಿ ಕೇಳಿ, ಆಮೇಲೆ ಹೇಳಿ.

ಹೊಸ ಓದುಗರಿಗಾಗಿ ಎರಡು ಮಾತು. ನಾನು ಹೊನ್ನಾಳಿಯವಳು. ಹೊಲಿಗೆ ಕಲಿಸುವುದು ನನ್ನ ಕೆಲಸ. ಮಂಗಳವಾರ ನ್ಯಾಮತಿ, ಬುಧವಾರ ಸವಳಂಗ, ಗುರುವಾರ ಬಸವಾಪಟ್ಟಣ. ಒಂದೊಂದು ಊರಿನಲ್ಲಿ ಹತ್ತು ಹದಿನೈದು ಹೆಂಗಸರು. ಮೊದಲೆಲ್ಲ ಬಸ್ಸಿನಲ್ಲಿ ಹೋಗುತ್ತಿದ್ದೆ. ಆದರೆ ಹೊಲಿಗೆ ಮಷಿನ್ ಹೊತ್ತುಕೊಂಡು ಬಸ್ ಹತ್ತಲಾಗುತ್ತದೆಯೇ? ಕಲಿಯುವವರ ಮನೆಯಲ್ಲೂ ಮಷಿನ್ ಇರುವುದಿಲ್ಲ. ಬೋರ್ಡಿನ ಮೇಲೆ ಚಿತ್ರ ಬರೆದು ಬ್ಲೌಸ್ ಹೊಲಿಯುವುದನ್ನು ಕಲಿಸಿದರೆ, ಅದು ದಡದ ಮೇಲೆ ನಿಂತು ಈಜು ಕಲಿಸಿದ ಹಾಗೆ.

ಹಾಗಾಗಿ ಮೂರು ವರ್ಷದ ಕೆಳಗೆ ಡ್ರೈವಿಂಗ್ ಕಲಿತೆ. ಒಂದು ಸೆಕೆಂಡ್‌ಹ್ಯಾಂಡ್ ವ್ಯಾನ್ ಕೊಂಡೆ. ಹಿಂದಿನ ಸೀಟು ತೆಗೆಸಿ ನಾಲ್ಕು ಮಷಿನ್ ಇಟ್ಟೆ. (ಡ್ರೈವಿಂಗ್ ಕಲಿಸಿದವರು ‘ನಲವತ್ತೆಂಟಕ್ಕೆ ಕಲಿಯಾಕೆ ಬಂದೋರು ನೀವೇ ಫಸ್ಟು’ ಅಂದಿದ್ದರು. ಹೊಗಳಿಕೆಯೋ ಬೈಗುಳವೋ ಇಂದಿಗೂ ಗೊತ್ತಾಗಿಲ್ಲ.) ಮೊದಲ ಸಲ ಒಬ್ಬಳೇ ನ್ಯಾಮತಿಗೆ ಓಡಿಸಿಕೊಂಡು ಹೋದ ದಿನ ನಾನು ಊಟ ಮಾಡುವುದನ್ನೇ ಮರೆತಿದ್ದೆ. ಅಷ್ಟು ಖುಷಿ.

ಎರಡು ವರ್ಷ ವ್ಯಾನ್ ಹೇಳಿದ ಹಾಗೆ ಕೇಳಿತು. ಹೋದ ಬೇಸಿಗೆಯಲ್ಲಿ ಮುನಿಸು ಶುರುವಾಯಿತು.

ವಿಚಿತ್ರ ಮುನಿಸು. ಬೆಳಗ್ಗೆ ಕೀ ತಿರುಗಿಸಿದರೆ ಒಂದೇ ಸಲಕ್ಕೆ ಸ್ಟಾರ್ಟ್. ದಾರಿಯುದ್ದಕ್ಕೂ ಒಂದು ಚೂರೂ ತೊಂದರೆ ಇಲ್ಲ. ಎಲ್ಲಾದರೂ ನಿಲ್ಲಿಸಿ, ಹತ್ತು ಹದಿನೈದು ನಿಮಿಷ ಕೆಲಸ ಮುಗಿಸಿ ಬಂದು ಕೀ ತಿರುಗಿಸಿದರೆ ಗುರ್ರ್, ಗುರ್ರ್, ಗುರ್ರ್. ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ಎಷ್ಟು ಒದ್ದಾಡಿದರೂ ಅಷ್ಟೇ. ಮುಕ್ಕಾಲು ಗಂಟೆ ಸುಮ್ಮನೆ ಬಿಟ್ಟು ಮತ್ತೆ ಕೀ ತಿರುಗಿಸಿದರೆ ಏನೂ ಆಗಿಯೇ ಇಲ್ಲವೆಂಬಂತೆ ಸ್ಟಾರ್ಟ್!

ತಣ್ಣಗಿದ್ದಾಗ ಸ್ಟಾರ್ಟ್ ಆಗದ ಗಾಡಿ ಎಲ್ಲರಿಗೂ ಗೊತ್ತು. ಬಿಸಿ ಇದ್ದಾಗ ಸ್ಟಾರ್ಟ್ ಆಗದ ಗಾಡಿಯ ಕಷ್ಟ ಕಟ್ಟಿಕೊಂಡವರಿಗೇ ಗೊತ್ತು.

ಹೊನ್ನಾಳಿಯಲ್ಲಿ ಒಂದು ಗ್ಯಾರೇಜಿನಲ್ಲಿ ಬಿಟ್ಟು ಬಂದೆ. ಮಾರನೇ ದಿನ ಹೋದರೆ ಮೆಕ್ಯಾನಿಕ್ ನನ್ನೆದುರೇ ಸ್ಟಾರ್ಟ್ ಮಾಡಿದ. ಆಫ್ ಮಾಡಿದ. ಮತ್ತೆ ಸ್ಟಾರ್ಟ್ ಮಾಡಿದ. ಹೀಗೇ ಐದಾರು ಸಲ. ‘ಏನೈತ್ರಿ ಮೇಡಂ ಇದ್ರಾಗೆ? ಹೂವಿನಂಗೈತೆ’ ಅಂದ. ಹೋಗಲಿ ಎಂದು ಹೊಸ ಬ್ಯಾಟರಿ ಹಾಕಿಕೊಟ್ಟ. ನ್ಯಾಮತಿಯಲ್ಲಿ ಇನ್ನೊಬ್ಬ ಪೆಟ್ರೋಲ್ ಪಂಪ್ ಬದಲಿಸಿದ. ಮುನಿಸು ಹಾಗೇ ಉಳಿಯಿತು.

ಸವಳಂಗದಲ್ಲಂತೂ ನಡುಮಧ್ಯಾಹ್ನ ಕ್ಲಾಸ್ ಬಿಟ್ಟು, ಅಂಗಡಿಯಲ್ಲಿ ಎರಡು ಮಾತಾಡಿ ಬರುವಷ್ಟರಲ್ಲಿ ನಿಂತುಬಿಟ್ಟಿತ್ತು. ಫೋನ್ ಮಾಡಿದೆ. ನ್ಯಾಮತಿಯ ಮೆಕ್ಯಾನಿಕ್ ಬೈಕಿನಲ್ಲಿ ಬಂದು ಸೇರುವಾಗ ಮುಕ್ಕಾಲು ಗಂಟೆ. ಕೂತ. ಕೀ ತಿರುಗಿಸಿದ. ಸ್ಟಾರ್ಟ್! ಕೀ ನನ್ನ ಕೈಗೆ ಕೊಡುತ್ತಾ ಅವನು ನಗಲಿಲ್ಲ, ಅದೇ ಹೆಚ್ಚು ನೋವಾಗಿದ್ದು. ಬಹಳ ಮರ್ಯಾದೆಯಿಂದ ಹೇಳಿದ. ‘ಹೆಣ್ಮಕ್ಳು ಸ್ವಲ್ಪ ಗಾಬ್ರಿ ಆಗ್ತೀರಿ ಮೇಡಂ. ಗಾಬ್ರಿ ಆಗ್ಬಾರ್ದು. ಸಮಾಧಾನವಾಗಿ ತಿರುಗಿಸ್ರಿ.’

ನನಗೂ ಗಾಡಿಗೂ ನಡುವೆ ಏನೋ ಜಗಳ, ಅವನು ಬಂದು ರಾಜಿ ಮಾಡಿಸಿದ ಹಾಗಿತ್ತು.

ಇಂಥದ್ದು ನಿಮಗೂ ಆಗಿರಬೇಕಲ್ಲ? ವಾರದಿಂದ ನಲ್ಲಿಯಲ್ಲಿ ನೀರಿಲ್ಲ ಎಂದು ದೂರು ಕೊಟ್ಟರೆ, ನೋಡಲು ಬಂದವರ ಎದುರು ಮಾತ್ರ ನಲ್ಲಿ ಭೋರ್ಗರೆಯುತ್ತದೆ. ಆಗ ಸುಳ್ಳು ಹೇಳಿದವರು ಯಾರು? ನಲ್ಲಿಯಂತೂ ಅಲ್ಲ!

ಮನೆಯಲ್ಲಿ ನಮ್ಮ ಯಜಮಾನರು ಶಿವಮೂರ್ತಿ, ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಒಳ್ಳೆಯವರು. ಆದರೆ ಮೇಷ್ಟ್ರು. ಬೆಳಗ್ಗೆ ಹಲ್ಲುಜ್ಜುತ್ತಾ ಬಂದು ವ್ಯಾನಿನ ಕೀ ತಿರುಗಿಸುವರು. ಸ್ಟಾರ್ಟ್ ಆಗುವುದು. ‘ನೋಡೇ, ಒಂದೇ ಸಲಕ್ಕೆ ಆತು’ ಅನ್ನುವರು.

‘ರೀ, ಬೆಳಗ್ಗೆ ಆಗುತ್ತೆ ಅಂತ ನಾನೂ ಹೇಳ್ತಿದೀನಲ್ರೀ. ಬಿಸಿ ಇದ್ದಾಗ ಆಗಲ್ಲ.’

‘ಬಿಸಿ ಇದ್ರೆ ಇನ್ನೂ ಸಲೀಸಾಗಿ ಆಗ್ಬೇಕು ಕಣೆ. ಸ್ಟೆಪ್ಸ್ ತೋರಿಸ್ದೆ ಬರೇ ಆನ್ಸರ್ ಬರೆದ್ರೆ ಮಾರ್ಕ್ಸ್ ಕೊಡಾಕೆ ಆಗ್ತತಾ?’

ನನ್ನದು ಸ್ಟೆಪ್ಸ್ ಇಲ್ಲದ ಆನ್ಸರ್. ಸೊನ್ನೆ ಮಾರ್ಕ್ಸು.

ನಿಧಾನವಾಗಿ ಏನಾಯಿತು ಗೊತ್ತೇ? ನನ್ನ ಮೇಲೆ ನನಗೇ ನಂಬಿಕೆ ಹೋಗತೊಡಗಿತು. ನಾನೇ ಏನಾದರೂ ತಪ್ಪಾಗಿ ಒತ್ತುತ್ತಿರಬಹುದೇ? ಅಂಗಳದಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಕೂತು, ಕೀ ತಿರುಗಿಸುವುದನ್ನು ಎಲ್‌ಬೋರ್ಡಿನವರ ಹಾಗೆ ಅಭ್ಯಾಸ ಮಾಡಿದೆ. ಆಮೇಲೆ ಇಂಜಿನ್ ಆಫ್ ಮಾಡುವುದನ್ನೇ ಕಡಿಮೆ ಮಾಡಿದೆ. ಪೆಟ್ರೋಲ್ ಬಂಕಿನಲ್ಲಿ ಆಫ್ ಮಾಡಲೇಬೇಕಲ್ಲ, ಅದಕ್ಕೆ ಬೆಳಗ್ಗೆ ತಣ್ಣಗಿರುವಾಗಲೇ ಪೆಟ್ರೋಲ್ ಹಾಕಿಸಿಕೊಂಡು ಹೊರಡುತ್ತಿದ್ದೆ. ಒಂದು ದಿನ ನ್ಯಾಮತಿಯಲ್ಲಿ ಸಾಮಾನು ಕೊಟ್ಟು ತಕ್ಷಣ ಹೊರಡಬೇಕಿತ್ತು. ಗಾಡಿ ಹೊರಗೆ ಗುರುಗುಟ್ಟುತ್ತಿರುವಾಗಲೇ ಒಳಗೆ ನಿಂತು ತೋಳಿನ ಕಟಿಂಗ್ ಹೇಳಿಕೊಟ್ಟೆ. ‘ಟೀಚರ್, ಗಾಡಿ ಆಫ್ ಮಾಡಾದು ಮರ್ತೀರಿ’ ಎಂದು ಒಬ್ಬಾಕೆ ಎದ್ದು ಹೊರಟೇಬಿಟ್ಟಳು. ‘ಮುಟ್ಟಬೇಡ!’ ಎಂದು ನಾನು ಕಿರುಚಿದ ಕಿರುಚಿಗೆ ಕತ್ತರಿ ಹಿಡಿದವರೆಲ್ಲ ಬೆಚ್ಚಿಬಿದ್ದರು.

ಇದೇ ಹೊತ್ತಿಗೆ ಜಗಳೂರಿನಿಂದ ಅಕ್ಕನ ಫೋನು. ಜಗಳೂರು ನನ್ನ ತವರು; ಅಕ್ಕನ ಮನೆಯೂ ಅಲ್ಲೇ. ಹತ್ತಿರದ ಸೊಕ್ಕೆಯಲ್ಲಿ ಹದಿನೆಂಟು ಹೆಂಗಸರು ಹೊಲಿಗೆ ಕಲಿಯಲು ತಯಾರಾಗಿದ್ದಾರಂತೆ. ಒಂದು ರೂಮನ್ನೂ ಹೊಂದಿಸಿಕೊಂಡಿದ್ದಾರಂತೆ. ಹದಿನೈದು ದಿನಕ್ಕೊಮ್ಮೆ ಬಂದು, ಎರಡು ದಿನ ಅಕ್ಕನ ಮನೆಯಲ್ಲಿದ್ದು ಕಲಿಸಿ ಹೋಗಬೇಕು.

‘ನಿನ್ನ ಬಿಟ್ರೆ ಮಷಿನ್ ತಗಂಡು ಇಲ್ಲೀ ತನಕ ಯಾರ್ ಬರ್ತಾರೆ? ಹೂಂ ಅನ್ನೇ’ ಅಂದಳು ಅಕ್ಕ.

ಹೊನ್ನಾಳಿಯಿಂದ ದಾವಣಗೆರೆ ದಾಟಿ, ಜಗಳೂರು ದಾಟಿ, ಸೊಕ್ಕೆ. ದಾರಿಯಲ್ಲಿ ಒಂದು ಸಲವಾದರೂ ನಿಲ್ಲಿಸಲೇಬೇಕು. ನಿಲ್ಲಿಸಿದರೆ? ಹೂಂ ಅನ್ನಲು ಬಾಯಿ ಬರಲಿಲ್ಲ. ‘ನೋಡಾಣ ತಡಿಯಕ್ಕ’ ಅಂದೆ. ‘ಸೋಮವಾರದೊಳಗೆ ಹೇಳು, ಇಲ್ಲಾಂದ್ರೆ ಅವ್ರು ಬೇರೆಯೋರ್ನ ಕೇಳ್ಬೇಕು’ ಎಂದು ಫೋನ್ ಇಟ್ಟಳು.

ಆ ದಿನವೇ ಮೇಷ್ಟ್ರು ಊಟಕ್ಕೆ ಕೂತಾಗ ಹೇಳಿದರು. ‘ನಮ್ ಸ್ಕೂಲಿನ ಮಂಜಣ್ಣ ಒಂದು ವ್ಯಾನ್ ಹುಡುಕ್ತಿದಾನೆ. ಭಾನುವಾರ ಬಂದು ನೋಡ್ತಾನೆ. ಮಾರಿಬಿಡಾಣ. ನಿಂಗೂ ತಲೆನೋವು ಬ್ಯಾಡ.’

ನಾನು ಬೇಡ ಅನ್ನಲಿಲ್ಲ. ಹೂಂ ಅಂದೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತಿದೆ. ನನಗೆ ಪ್ರೀತಿಯ ವಸ್ತುವನ್ನು ಬಿಟ್ಟುಕೊಡಲು ಎಷ್ಟು ಬೇಗ ಒಪ್ಪಿಬಿಟ್ಟೆ ನೋಡಿ! ವಾದ ಮಾಡಿ ಮಾಡಿ ಸುಸ್ತಾಗಿತ್ತು, ಅಷ್ಟೇ.

ಮಾರನೇ ದಿನ ಗುರುವಾರ. ಬಸವಾಪಟ್ಟಣದ ಕ್ಲಾಸು. ನನ್ನ ಒಂದು ಮಷಿನ್ನಿನ ಮೋಟಾರು ಸುಟ್ಟುಹೋಗಿತ್ತು. ಅಲ್ಲಿ ಮೋಟಾರ್ ವೈಂಡಿಂಗ್ ಅಂಗಡಿಯೊಂದಿದೆ. ಸುತ್ತಲಿನ ತೋಟದವರ ಬೋರ್‌ವೆಲ್ ಮೋಟಾರುಗಳು ಸುಟ್ಟರೆ ಅಲ್ಲಿಗೇ ಬರುತ್ತವೆ. ಗಂಡ ಊರೂರಿಗೆ ಹೋಗಿ ಬೋರಿನಿಂದ ಮೋಟಾರ್ ಎತ್ತಿಸಿ ತರುತ್ತಾರೆ. ಹಳೆಯ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ ಕಟ್ಟುವವಳು ಹೆಂಡತಿ, ನಾಗವೇಣಿ. ನಲವತ್ತರ ಒಳಗಿನ ವಯಸ್ಸು. ಕೈಗೆಲ್ಲ ವಾರ್ನಿಷ್ ಕಲೆ.

ಅಂಗಡಿ ಮುಂದೆ ವ್ಯಾನ್ ನಿಲ್ಲಿಸಿ, ಮೋಟಾರ್ ಕೊಟ್ಟು, ಯಾವಾಗ ಸಿಗುತ್ತದೆ ಎಂದು ಕೇಳಿ ಬಂದೆ. ಹತ್ತು ನಿಮಿಷ ಆಗಿರಬಹುದು. ಕೀ ತಿರುಗಿಸಿದೆ.

ಗುರ್ರ್, ಗುರ್ರ್, ಗುರ್ರ್.

ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಕೂತುಬಿಟ್ಟೆ. ಕಿಟಕಿಯ ಹತ್ತಿರ ನಾಗವೇಣಿಯ ದನಿ ಕೇಳಿಸಿತು.

‘ಟೀಚರ್, ಹೋದ ವಾರಾನೂ ಇದೇ ಗಾಡಿ ಅಲ್ವೇನ್ರಿ, ಆ ಬಟ್ಟೆ ಅಂಗಡಿ ಮುಂದೆ ನಿಂತಿದ್ದು? ಹಿಂಗೇ ಗುರ್ ಅಂತಿತ್ತು. ಆಮೇಲೆ ಸುಮಾರು ಹೊತ್ತಾದ್ಮೇಲೆ ಹೊಂಟ್ರಿ. ನಾ ನೋಡೀನಿ.’

ನಾ ನೋಡೀನಿ!

ಒಂದು ವರ್ಷದಲ್ಲಿ ಈ ಮಾತು ಹೇಳಿದ ಮೊದಲಿಗಳು ಅವಳು. ‘ಹೌದು ನಾಗವೇಣಿ, ಇದೇ ಗಾಡಿ, ಇದೇ’ ಎಂದು ಏನೋ ಸಿಕ್ಕಿದವಳ ಹಾಗೆ ಹೇಳಿದೆ.

ಅವಳು ಪ್ರಶ್ನೆ ಕೇಳತೊಡಗಿದಳು. ಎಂಥ ಪ್ರಶ್ನೆಗಳು! ‘ನಿಮಗೆ ಸ್ಟಾರ್ಟ್ ಮಾಡಾಕೆ ಬರ್ತತಾ’ ಅನ್ನುವ ಪ್ರಶ್ನೆಯೊಂದು ಬಿಟ್ಟು ಉಳಿದದ್ದೆಲ್ಲ ಕೇಳಿದಳು. ನಿಲ್ಲಿಸಿದ ತಕ್ಷಣ ತಿರುಗಿಸಿದರೆ ಆಗುತ್ತದಾ? ಓಡುವಾಗ ಯಾವತ್ತಾದರೂ ನಿಂತಿದೆಯಾ? ಎಷ್ಟು ಹೊತ್ತು ಬಿಟ್ಟರೆ ಸರಿಹೋಗುತ್ತದೆ? ಮಳೆಗಾಲದಲ್ಲಿ ಹೇಗಿತ್ತು?

ತಕ್ಷಣ ತಿರುಗಿಸಿದರೆ ಆಗುತ್ತದೆ. ಓಡುವಾಗ ನಿಂತದ್ದಿಲ್ಲ. ಮುಕ್ಕಾಲು ಗಂಟೆ. ಮಳೆಗಾಲದಲ್ಲಿ ತೊಂದರೆ ಕಡಿಮೆ. ಹೇಳುತ್ತಾ ಹೇಳುತ್ತಾ ನನಗೇ ಆಶ್ಚರ್ಯವಾಯಿತು. ಇಷ್ಟೆಲ್ಲ ನನಗೆ ಗೊತ್ತಿತ್ತು! ಯಾರೂ ಕೇಳಿರಲಿಲ್ಲ ಅಷ್ಟೇ.

‘ಕಾಯಿಲ್ ಇರ್ಬೇಕು ಟೀಚರ್, ಸಣ್ಣ ತಂತಿ ಸುತ್ತಿರ್ತತಲ್ಲ, ಅದು’ ಅಂದಳು ನಾಗವೇಣಿ. ‘ನಮ್ ಮೋಟ್ರುಗಳೂ ಒಂದೊಂದು ಹಿಂಗೇ. ತಣ್ಣಗಿದ್ದಾಗ ಮೀಟರ್ ಹಿಡಿದ್ರೆ ಎಲ್ಲಾ ಸರಿ ಐತೆ ಅಂತ ತೋರಿಸ್ತತೆ. ಬಿಸಿ ಆತು ಅಂದ್ರೆ ಒಳಗೆ ಎಲ್ಲೋ ತಂತಿ ಕೂಡಿದ್ದು ಬಿಟ್ಕಳ್ತತೆ. ತಣ್ಣಗಾದ್ಮೇಲೆ ಮತ್ತೆ ಕೂಡ್ಕಳ್ತತೆ. ರೈತ್ರು ಬಂದು ಮೋಟ್ರು ನಿಲ್ತತೆ ಅಂತಾರೆ, ಇಲ್ಲಿ ನೋಡಿದ್ರೆ ಓಡ್ತತೆ. ಮೊದ್ಮೊದ್ಲು ನಾವೂ ಅವ್ರು ಸುಳ್ಳು ಹೇಳ್ತಾರೆ ಅನ್ಕಂಡಿದ್ವಿ.’

‘ಆದ್ರೆ ಓಡೋವಾಗಲೂ ಇಂಜಿನ್ ಬಿಸಿ ಇರುತ್ತಲ್ಲ? ಆಗ ಯಾಕೆ ನಿಲ್ಲಲ್ಲ?’

‘ಓಡೋವಾಗ ಗಾಳಿ ಬಡೀತಿರ್ತತಲ್ರೀ. ನಿಲ್ಸಿದ್ ಮೇಲೆ ಗಾಳಿ ಇಲ್ಲ, ಬಿಸಿ ಹೋಗಾಕೆ ದಾರಿ ಇಲ್ಲ, ಅಲ್ಲೇ ಏರ್ತತೆ. ಕುಕ್ಕರ್ ಒಲೆಯಿಂದ ಇಳಿಸಿದ್ ಮೇಲೂ ಒಳಗೆ ಬೇಯ್ತಿರಲ್ವಾ, ಹಂಗೆ.’

ಅಷ್ಟೇ! ಒಂದು ವರ್ಷದ ಒಗಟು ಒಂದು ಕುಕ್ಕರಿನಲ್ಲಿ ಬಿಡಿಸಿದಳು.

‘ತಡೀರಿ, ಮೀಟರ್ ತತ್ತೀನಿ’ ಎಂದು ಒಳಗೆ ಓಡಿದಳು. ಅಷ್ಟರಲ್ಲಿ ಟ್ರ್ಯಾಕ್ಟರಿನಲ್ಲಿ ಯಾರದೋ ಮೋಟಾರು ಬಂತು. ಇಳಿಸಿಕೊಳ್ಳಬೇಕು, ಚೀಟಿ ಬರೆಯಬೇಕು, ತೋಟ ಒಣಗುತ್ತಿದೆ ಎಂದು ಅವರ ಅವಸರ ಬೇರೆ. ಅವಳು ಬಿಡಿಸಿಕೊಂಡು ಬರುವಾಗ ಅರ್ಧ ಗಂಟೆ ದಾಟಿತ್ತು. ಕೀ ತಿರುಗಿಸಿದೆ. ಸ್ಟಾರ್ಟ್.

‘ಥೋ, ತಪ್ಪಿಸ್ಕಂಡ್ತು!’ ಎಂದು ನಾಗವೇಣಿ ಮೀಟರಿನಿಂದ ತೊಡೆ ಬಡಿದುಕೊಂಡಳು. ನನ್ನ ಮೇಲೆ ಅನುಮಾನದ ನೆರಳೂ ಅವಳ ಮುಖದಲ್ಲಿರಲಿಲ್ಲ. ಬಲೆಯಿಂದ ಜಾರಿದ ಮೀನನ್ನು ನೋಡುವ ಹಾಗೆ ವ್ಯಾನನ್ನು ನೋಡುತ್ತಿದ್ದಳು. ‘ಇದನ್ನ ಬಿಸಿ ಇದ್ದಾಗ್ಲೇ ಹಿಡೀಬೇಕು ಟೀಚರ್. ಶನಿವಾರ ನಾನು ತಂತಿ ತರಾಕೆ ಚನ್ನಗಿರಿಗೆ ಹೋಗ್ತೀನಿ. ನಿಮ್ ಗಾಡಿಯಾಗೇ ಹೋಗಾಣ. ನಾ ಪಕ್ಕದಾಗೆ ಮೀಟರ್ ಹಿಡ್ಕಂಡು ಕುಂತಿರ್ತೀನಿ. ಎಲ್ಲಿ ನಿಲ್ತತೋ ನಿಲ್ಲಲಿ. ಅಲ್ಲಿ ನಮ್ ಚಿಕ್ಕಪ್ಪನ ಮಗ ಹಾಲೇಶ ಆಟೊ ಎಲೆಕ್ಟ್ರಿಷಿಯನ್ ಅದಾನೆ. ಫೋನ್ ಮಾಡಿದ್ರೆ ಬರ್ತಾನೆ.’

ಶನಿವಾರ ಬೆಳಗ್ಗೆ ಹೊರಡುವಾಗ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಮೊದಲ ಸಲ ಹೆಣ್ಣು ನೋಡಲು ಬಂದಾಗಲೂ ಹಾಗೆ ಹೊಡೆದುಕೊಂಡಿರಲಿಲ್ಲ. ಮಾರನೇ ದಿನ ಭಾನುವಾರ, ಮಂಜಣ್ಣ ಬರುತ್ತಾರೆ. ಅದರ ಮಾರನೇ ದಿನ ಸೋಮವಾರ, ಅಕ್ಕನಿಗೆ ಉತ್ತರ ಹೇಳಬೇಕು. ಇವತ್ತು ಬಿಟ್ಟರೆ ಇನ್ನಿಲ್ಲ.

ಬಸವಾಪಟ್ಟಣದಲ್ಲಿ ನಾಗವೇಣಿ ಹತ್ತಿದಳು. ಒಂದು ಕೈಯಲ್ಲಿ ಮೀಟರು, ಇನ್ನೊಂದು ಕೈಯಲ್ಲಿ ಮಂಡಕ್ಕಿಯ ಪೊಟ್ಟಣ. ಸ್ವಲ್ಪ ದೂರ ಹೋಗಿ ನಿಲ್ಲಿಸಿದೆವು. ಮಂಡಕ್ಕಿ ತಿಂದೆವು. ಹದಿನೈದು ನಿಮಿಷ ಕಳೆಯಿತು. ಕೀ ತಿರುಗಿಸಿದೆ.

ಸ್ಟಾರ್ಟ್.

ಎಂದಾದರೂ ಗಾಡಿ ಸ್ಟಾರ್ಟ್ ಆಯಿತೆಂದು ನಿಮಗೆ ಅಳು ಬಂದಿದೆಯೇ? ನನಗೆ ಬಂತು. ಇನ್ನೂ ಸ್ವಲ್ಪ ದೂರ ಹೋಗಿ ಮತ್ತೆ ನಿಲ್ಲಿಸಿದೆ. ಮತ್ತೆ ಹದಿನೈದು ನಿಮಿಷ. ಮತ್ತೆ ಸ್ಟಾರ್ಟ್! ನಾನು ನಾಗವೇಣಿಯ ಮುಖ ನೋಡಲಿಲ್ಲ. ಈಗ ಇವಳೂ ಅದೇ ಮಾತು ಹೇಳುತ್ತಾಳೆ, ಸಮಾಧಾನವಾಗಿ ತಿರುಗಿಸಿ ಅನ್ನುತ್ತಾಳೆ ಎಂದು ಹೆದರಿ ರಸ್ತೆಯನ್ನೇ ನೋಡುತ್ತಾ ಓಡಿಸಿದೆ.

ಅವಳು ಕಿಟಕಿಯಿಂದ ತಲೆ ಹೊರಹಾಕಿ ಮೇಲೆ ನೋಡಿದಳು. ‘ಇವತ್ತು ಮೋಡ ಐತೆ ಟೀಚರ್. ಅದಕ್ಕೇ ಬಿಸಿ ಸಾಲ್ತಿಲ್ಲ. ಬಿಸಿ ಮಾಡಾಣ ನಡೀರಿ.’

ಅದಕ್ಕೇ ಬಿಸಿ ಸಾಲ್ತಿಲ್ಲ! ನನ್ನ ಬಗ್ಗೆ ಒಂದು ಮಾತಿಲ್ಲ. ತಪ್ಪು ಮೋಡದ್ದು!

ಚನ್ನಗಿರಿ ಸೇರುವ ಹೊತ್ತಿಗೆ ಮೋಡ ಚದುರಿ ಬಿಸಿಲು ಬಂತು. ಸಣ್ಣ ಗೇರಿನಲ್ಲಿ ಊರನ್ನು ಎರಡು ಸುತ್ತು ಹಾಕಿದೆವು. ನಮ್ಮ ವ್ಯಾನಿನ ಇಂಜಿನ್ ಮುಂದಿನ ಸೀಟಿನ ಕೆಳಗೇ ಇರುವುದು. ಕೂತ ಜಾಗ ದೋಸೆ ಹಂಚಿನಂತಾಯಿತು. (ನಾಗವೇಣಿ ಒಮ್ಮೆ ಆ ಕಡೆ ಒಮ್ಮೆ ಈ ಕಡೆ ಒರಗಿ ಕೂತು, ‘ಇದು ಒಳ್ಳೇ ಲಕ್ಷಣ’ ಅಂದಳು.) ಬಸ್ ಸ್ಟ್ಯಾಂಡ್ ಹತ್ತಿರ ಒಂದು ಗೋಡೆಯ ಬದಿಗೆ, ಗಾಳಿ ಆಡದ ಕಡೆ, ಬಿಸಿಲಿಗೆ ಮುಖಮಾಡಿ ನಿಲ್ಲಿಸಿದೆವು. ಅವಳು ತಾಮ್ರದ ತಂತಿ ತರಲು ಎದುರಿನ ಅಂಗಡಿಗೆ ಹೋದಳು. ನಾನು ಕೂತು ಗಡಿಯಾರ ನೋಡಿದೆ. ಐದು ನಿಮಿಷ. ಎಂಟು. ಹನ್ನೆರಡು. ಅವಳು ತಂತಿಯ ಸುರುಳಿ ಹೆಗಲಿಗೆ ಹಾಕಿಕೊಂಡು ಬಂದಳು. ಹದಿನಾಲ್ಕು.

‘ಹೂಂ, ತಿರುಗಿಸ್ರಿ.’

ಗುರ್ರ್. ಗುರ್ರ್. ಗುರ್ರ್. ಗುರ್ರ್.

ಆಗ ಕುಣಿದೆ ನಾನು. ಕುಣಿಯದೆ ಏನು ಮಾಡಲಿ? ‘ಆಗ್ಲಿಲ್ಲ! ಸ್ಟಾರ್ಟ್ ಆಗ್ಲಿಲ್ಲ!’ ಆ ಕಡೆ ನಾಗವೇಣಿ ‘ಸಿಕ್ತು! ಸಿಕ್ತು!’ ಎಂದು ಕೂಗುತ್ತಾ ಫೋನ್ ತೆಗೆದಳು. ‘ಹಾಲೇಶಾ, ಊಟ ಬಿಟ್ಟು ಎದ್ದು ಬಾ. ಬಿಸಿ ಆರೋದ್ರೊಳಗೆ ಬಾ!’

ಹಾಲೇಶ ನಿಜಕ್ಕೂ ಕೈಯಲ್ಲಿ ಅನ್ನದ ಅಗುಳು ಇರುವ ಹಾಗೆಯೇ ಬೈಕಿನಲ್ಲಿ ಬಂದ. ಮೂವತ್ತೈದರ ಆಸುಪಾಸು, ಮಾತು ಕಡಿಮೆ. ಸೀಟು ಎತ್ತಿದ. ಒಂದು ಪ್ಲಗ್ ಬಿಚ್ಚಿ ಹಿಡಿದು ನನಗೆ ತಿರುಗಿಸಲು ಹೇಳಿದ. ತಿರುಗಿಸಿದೆ.

‘ಕಿಡಿ ಇಲ್ಲ’ ಅಂದ. ಒಳಗೆ ಬೆರಳು ತೋರಿಸಿ ನಾಗವೇಣಿಗೆ ಹೇಳಿದ. ‘ಅಕ್ಕ, ಇಲ್ನೋಡು, ಕ್ರ್ಯಾಂಕ್ ಸೆನ್ಸರ್ ಅಂತ ಇದು. ಇಂಜಿನ್ ತಿರುಗ್ತಿದೆ ಅಂತ ಕಂಪ್ಯೂಟರಿಗೆ ಹೇಳಾದು ಇದೇ. ಇದು ಬಾಯಿ ಮುಚ್ಚಿದ್ರೆ ಕಿಡೀನೂ ಬರಲ್ಲ, ಪೆಟ್ರೋಲೂ ಬರಲ್ಲ. ಇದ್ರೊಳಗೆ ನಿನ್ ಕಾಯಿಲ್ಲೇ ಇರಾದು.’

ಹೆಬ್ಬೆರಳು ಗಾತ್ರದ ಕಪ್ಪು ವಸ್ತು. ಒಂದು ವರ್ಷ ನನ್ನನ್ನು ಸುಳ್ಳಿಯನ್ನಾಗಿ ಮಾಡಿದ್ದು ಇಷ್ಟೇ ಇಷ್ಟು!

ಹಾಲೇಶ ಅದರ ವೈರಿನ ಸಾಕೆಟ್ ಬಿಡಿಸಿಕೊಟ್ಟ. ನಾಗವೇಣಿ ಮೀಟರಿನ ಎರಡು ಕಡ್ಡಿ ಮುಟ್ಟಿಸಿದಳು. ಅಷ್ಟರಲ್ಲಿ ಸುತ್ತ ಜನ ಸೇರಿದ್ದರು. ಬಿಸಿಲು ತಲೆಗೇರಿದೆ ಅಂದಿದ್ದ ಹಿರಿಯರೂ ಅಲ್ಲೇ ಇಣುಕುತ್ತಿದ್ದರು.

‘ಓಪನ್!’ ಅಂದಳು ನಾಗವೇಣಿ. ‘ಕಾಯಿಲ್ ಕಟ್ ಆಗೈತೆ. ನಂಬರ್ರೇ ತೋರಿಸ್ತಿಲ್ಲ. ಟೀಚರ್, ನೀರು ಕೊಡ್ರಿ. ಒಂದು ಚೂರು ಬಟ್ಟೆ ಕೊಡ್ರಿ.’

ಬಟ್ಟೆ ಚೂರಿಗೆ ನನ್ನ ವ್ಯಾನಿನಲ್ಲಿ ಬರವೇ? ಕಟಿಂಗಿನಲ್ಲಿ ಉಳಿದ ಒಂದು ಹಳದಿ ತುಂಡು ಕೊಟ್ಟೆ. ಬಾಟಲಿಯ ನೀರಿನಲ್ಲಿ ಅದ್ದಿ ಸೆನ್ಸರಿಗೆ ಸುತ್ತಿದಳು. ಬಿಸಿಯಾದಾಗ ಮತ್ತೆ ಅದ್ದಿದಳು. ಮತ್ತೆ ಸುತ್ತಿದಳು. ಬಸ್ಸೊಂದು ಬಂದು ಹೋಯಿತು, ಆ ಹಿರಿಯರು ಹತ್ತಲಿಲ್ಲ. ನಾನು ಉಸಿರು ಬಿಗಿಹಿಡಿದು ಮೀಟರನ್ನೇ ನೋಡುತ್ತಿದ್ದೆ. ಮೂರು ನಿಮಿಷವಾಗಿರಬಹುದು, ನಾಲ್ಕಾಗಿರಬಹುದು. ಮೀಟರಿನಲ್ಲಿ ತಟ್ಟನೆ ಅಂಕಿಗಳು ಕುಣಿದವು.

‘ಬಂತು! ಕೂಡ್ಕಂಡ್ತು!’

ಹಾಲೇಶ ಸಾಕೆಟ್ ಹಾಕಿದ. ಬಿಚ್ಚಿದ ಪ್ಲಗ್ ಕೂರಿಸಿದ. ‘ತಿರುಗಿಸ್ರಿ ಮೇಡಂ.’

ತಿರುಗಿಸಿದೆ. ಒಂದೇ ಸಲಕ್ಕೆ ಸ್ಟಾರ್ಟ್!

ಈ ಸಲ ಚಪ್ಪಾಳೆ ತಟ್ಟಿದ್ದು ನಾನೊಬ್ಬಳೇ ಅಲ್ಲ. ಹಿರಿಯರೊಬ್ಬರು ಹತ್ತಿರ ಬಂದು, ‘ಏನಮ್ಮ, ಒದ್ದೆ ಬಟ್ಟೆ ಹಾಕಿ ಜ್ವರ ಇಳಿಸಿದ್ರಲ್ಲ!’ ಅಂದರು. ಕಬ್ಬಿನ ಹಾಲಿನವನು ಕರೆಯದೆಯೇ ಮೂರು ಲೋಟ ತಂದಿಟ್ಟ. ನಾಗವೇಣಿ ಒಂದೇ ಗುಟುಕಿಗೆ ಲೋಟ ಖಾಲಿ ಮಾಡಿದಳು. ‘ನನ್ ಮೋಟ್ರುಗಳನ್ನ ಬಿಟ್ಟು ಬೇರೆದು ಹಿಡಿದಿದ್ದು ಇದೇ ಫಸ್ಟು ಟೀಚರ್. ನನ್ಗೂ ಭಯ ಇತ್ತು’ ಅಂದಳು. ಆ ಭಯವನ್ನು ಇಡೀ ದಿನ ನನಗೆ ತೋರಿಸಿರಲಿಲ್ಲ ಮಾರಾಯ್ತಿ!

ಹೊಸ ಸೆನ್ಸರ್ ಅಲ್ಲೇ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಕ್ಕಿತು. ಹಾಲೇಶ ಹಾಕಿಕೊಟ್ಟ. ವಾಪಸು ಬರುವಾಗ ನಾವಿಬ್ಬರೂ ಮಾಡಿದ್ದು ಒಂದೇ ಕೆಲಸ. ಕಂಡ ಕಂಡಲ್ಲಿ ನಿಲ್ಲಿಸುವುದು, ಹದಿನೈದು ನಿಮಿಷ ಕಾಯುವುದು, ಸ್ಟಾರ್ಟ್ ಮಾಡುವುದು. ಒಂದು ಕಡೆ ಚಹಾ, ಒಂದು ಕಡೆ ಮಿರ್ಚಿ, ಇನ್ನೊಂದು ಕಡೆ ಏನೂ ಇಲ್ಲದೆ ಬರೀ ಬೇಲಿ ನೋಡುತ್ತಾ ನಿಂತೆವು. ಪ್ರತಿ ಸಲವೂ ಒಂದೇ ತಿರುವಿಗೆ ಸ್ಟಾರ್ಟ್! ಪ್ರತಿ ಸಲವೂ ನಾವಿಬ್ಬರೂ ಹೋ ಎಂದು ಕೂಗಿದ್ದು! ಅರ್ಧ ಗಂಟೆಯ ದಾರಿಗೆ ಇಡೀ ಮಧ್ಯಾಹ್ನ ಹಿಡಿಯಿತು. ಎಷ್ಟೋ ವರ್ಷದಿಂದ ಅಷ್ಟು ಸಂತೋಷದ ಮಧ್ಯಾಹ್ನ ನಾನು ಕಂಡಿರಲಿಲ್ಲ.

ಬಸವಾಪಟ್ಟಣ ಸೇರುವ ಮೊದಲೇ ಅಕ್ಕನಿಗೆ ಫೋನ್ ಮಾಡಿದೆ. ಸೋಮವಾರದ ತನಕ ಕಾಯಲು ಯಾರಿಗೆ ತಾಳ್ಮೆ? ‘ಹೂಂ ಅಂತ ಹೇಳಿಬಿಡಕ್ಕ. ಹದಿನೆಂಟೂ ಜನಕ್ಕೆ ಹೇಳು. ಬರ್ತಿದೀನಿ.’

ಮನೆಗೆ ಬಂದು ಮೇಷ್ಟ್ರ ಕೈಗೆ ಹಳೆಯ ಸೆನ್ಸರ್ ಇಟ್ಟೆ. ಎಲ್ಲ ಹೇಳಿದೆ. ಸ್ಟೆಪ್ ಒಂದು, ಸ್ಟೆಪ್ ಎರಡು, ಸ್ಟೆಪ್ ಮೂರು. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ, ‘ಒಂದು ವರ್ಷದಿಂದ ನೀನು ಇದನ್ನೇ ಹೇಳ್ತಿದ್ದೆ’ ಅಂದರು. ಪ್ರಶ್ನೆಯಲ್ಲ. ಸಾರಿ ಅಂತಲೂ ಅಲ್ಲ. (ಮೇಷ್ಟ್ರುಗಳ ಸಿಲೆಬಸ್ಸಿನಲ್ಲಿ ಅದು ಇರುವುದಿಲ್ಲ.) ಆದರೆ ಅವರ ದನಿ ಇಳಿದಿತ್ತು. ನನಗೆ ಸಾಕಿತ್ತು.

ಭಾನುವಾರ ಮಂಜಣ್ಣ ಬಂದರು. ನಾನು ಒಳಗೆ ಕಾಫಿ ಮಾಡುತ್ತಾ, ಹೇಗೆ ಬೇಡ ಅನ್ನುವುದೆಂದು ಮಾತು ಜೋಡಿಸಿಕೊಳ್ಳುತ್ತಿದ್ದೆ. ಅಂಗಳದಲ್ಲಿ ಮೇಷ್ಟ್ರ ದನಿ ಕೇಳಿಸಿತು.

‘ಇಲ್ಲ ಮಂಜಣ್ಣ, ಮಾರಾಕಿಲ್ಲ. ಇವ್ಳಿಗೆ ಬೇಕು. ಜಗಳೂರಿಗೆ ಹೋಗೋದೈತೆ. ಏನಿಲ್ಲ, ಕ್ರ್ಯಾಂಕ್ ಸೆನ್ಸರ್ ಪ್ರಾಬ್ಲಂ. ಬಿಸಿ ಆದ್ರೆ ಕಾಯಿಲ್ ಓಪನ್ ಆಗ್ತತೆ. ಇಂಜಿನ್ ನಿಂತ್ಮೇಲೂ ಬಿಸಿ ಏರ್ತಿರ್ತತೆ ನೋಡು, ಕುಕ್ಕರ್ ಇದ್ದಂಗೆ...’

ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕೆ. ಹೋಗಲಿ ಬಿಡಿ. ಉತ್ತರ ಸರಿಯಾಗಿತ್ತು, ಸ್ಟೆಪ್ಸೂ ಇದ್ದವು. ಕಾಪಿ ಹೊಡೆದದ್ದಕ್ಕೆ ಮಾರ್ಕ್ಸ್ ಕಳೆಯಲಿಲ್ಲ.

ನಿನ್ನೆ ಸೊಕ್ಕೆಯಲ್ಲಿ ಮೊದಲ ಕ್ಲಾಸ್ ಆಯಿತು. ಹೋಗುವಾಗ ದಾರಿಯಲ್ಲಿ ಮೂರು ಕಡೆ ನಿಲ್ಲಿಸಿದೆ, ಒಂದು ಕಡೆ ಬೇಕೆಂತಲೇ! ಕ್ಲಾಸಿಗೆ ತನ್ನದೇ ಹಳೆಯ ಮಷಿನ್ ತಂದಿದ್ದ ಕವಿತಾ ಎಂಬಾಕೆ ಹೇಳಿದಳು. ‘ಮಿಸ್, ಇದು ಯಾವಾಗ್ಲೋ ಒಂದೊಂದ್ಸಲ ದಾರ ಕಡೀತತೆ. ತೋರ್ಸಾಕೆ ಹೋದ್ರೆ ಕಡಿಯಲ್ಲ.’ ಉಳಿದವರು ಗೊಳ್ಳೆಂದು ನಕ್ಕರು. ‘ಮಿಸ್, ಇವ್ಳಿಗೆ ಹೊಲಿಯಾಕೇ ಬರಲ್ಲ’ ಅಂದಳು ಒಬ್ಬಳು. ಕವಿತಾ ತಲೆ ತಗ್ಗಿಸಿದಳು.

ಮೂವತ್ತು ವರ್ಷದ ಅನುಭವದಲ್ಲಿ ಇಂಥ ಮಾತಿಗೆ ನಾನು ಏನು ಮಾಡುತ್ತಿದ್ದೆ ಗೊತ್ತೇ? ‘ಎಲ್ಲಿ, ಹೊಲಿದು ತೋರಿಸು’ ಅನ್ನುತ್ತಿದ್ದೆ. ದಾರ ಕಡಿಯದಿದ್ದರೆ ‘ನೋಡು, ಸರಿಯಾಗೇ ಇದ್ಯಲ್ಲ’ ಎಂದು ಮುಂದಕ್ಕೆ ಹೋಗುತ್ತಿದ್ದೆ. ಎಷ್ಟು ಜನಕ್ಕೆ ಹಾಗೆ ಅಂದಿದ್ದೇನೋ ಲೆಕ್ಕವಿಲ್ಲ.

ನಿನ್ನೆ ಒಂದು ಸ್ಟೂಲ್ ಎಳೆದುಕೊಂಡು ಅವಳ ಪಕ್ಕ ಕೂತೆ. ‘ಹೊಲೀತಾ ಇರು, ಕಡಿಯೋ ತನಕ ಇಲ್ಲೇ ಇರ್ತೀನಿ’ ಅಂದೆ. ಅವಳು ತಲೆ ಎತ್ತಿ ನನ್ನನ್ನು ನೋಡಿದ ನೋಟಕ್ಕೆ ಹೊನ್ನಾಳಿಯಿಂದ ಅಷ್ಟು ದೂರ ಹೋದದ್ದು ಸಾರ್ಥಕವಾಯಿತು.

ನಿಮ್ಮ ಮನೆಯಲ್ಲೂ ಯಾರೋ ‘ಯಾವಾಗ್ಲೂ ಅಲ್ಲ, ಒಂದೊಂದ್ಸಲ ಹೀಗಾಗುತ್ತೆ’ ಅನ್ನುತ್ತಿರಬಹುದು; ಅವರ ಪಕ್ಕ ನೀವು ಹದಿನೈದು ನಿಮಿಷ ಕೂತದ್ದು ಯಾವಾಗ?